ಹಾಟ್‌ಬಾಕ್ಸಿನೊಳಗೆ ಟೆಲಿಟೈಪ್

"ಈ ಭಾನುವಾರ ಇಡೀ ಹ್ಯಾಮ್ ರೇಡಿಯೋ ಲೋಕ ನನ್ನ ಕಡೆ ತಿರುಗಿ ನೋಡ್ಬೇಕು, ಹಾಗ್ಮಾಡ್ತೀನಿ!" ಎಂದು ಕಾಫಿ ಲೋಟ ಎತ್ತಿ ಘೋಷಿಸಿದೆ.

"ಮೊದ್ಲು ಸಿಂಕ್ ಕಡೆ ತಿರುಗಿ ಆ ಲೋಟ ತೊಳೀರಿ" ಎಂದಳು ಹೆಂಡತಿ ಭವಾನಿ.

ಅವಳಿಗೇನು ಗೊತ್ತು ನನ್ನ ಸಾಹಸ! ರೇಡಿಯೋ ಟೆಲಿಟೈಪ್ ಎಂದರೆ ಗಾಳಿಯಲ್ಲಿ ಟೈಪಿಂಗ್. ಇರುವುದು ಎರಡೇ ಸ್ವರ. ಅವೆರಡರ ಕುಣಿದಾಟದಲ್ಲೇ ಎಲ್ಲ ಅಕ್ಷರ. ಲೋಕದವರೆಲ್ಲ ಅವುಗಳ ನಡುವೆ ನೂರೆಪ್ಪತ್ತು ಹರ್ಟ್ಸ್ ಅಂತರ ಬಿಡುತ್ತಾರೆ. ನಾನು ಅದನ್ನು ಇಪ್ಪತ್ತಕ್ಕೆ ಇಳಿಸಿ, ವಿನೋಬನಗರದ ನಮ್ಮ ಮನೆಯಿಂದ ಭದ್ರಾವತಿಯ ಗೆಳೆಯ ಖಾಜಾ ಪೀರ್‌ಗೆ ಸಂದೇಶ ಕಳಿಸುವವನಿದ್ದೆ. ಹೆದ್ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಲಾರಿ ಓಡಿಸಿದ ಹಾಗೆ!

"ಹುಷಾರು ಜನಾರ್ದನ್ ಸಾರ್. ಶಾಖ ಒಂಚೂರು ಆಚೀಚೆ ಆದ್ರೂ ಸ್ವರ ಜಾರುತ್ತೆ, ಅಕ್ಷರ ಎಲ್ಲ ಖಿಚಡಿ!" ಎಂದು ಪೀರ್ ಫೋನಿನಲ್ಲಿ ಎಚ್ಚರಿಸಿದ.

ಶಾಖ ತಾನೆ? ಅದು ಏರಿಳಿಯದಿರಲೆಂದು ಕಿಟಕಿ ಮುಚ್ಚಿದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿದೆ! ಸ್ವರ ಹುಟ್ಟಿಸುವ ಪುಟ್ಟ ಯಂತ್ರವನ್ನು ಅಡುಗೆಮನೆಯ ಹಾಟ್‌ಬಾಕ್ಸಿನೊಳಗೆ ಕೂರಿಸಿದೆ. ವೈರಿಗೆ ದಾರಿ ಬೇಕಲ್ಲ? ಮುಚ್ಚಳಕ್ಕೆ ಡ್ರಿಲ್ ಇಟ್ಟು ತೂತು ಕೊರೆದೆ. ಕಂಪ್ಯೂಟರು 'ಭದ್ರಾವತಿ ಕ್ಷೇಮವೇ' ಎಂಬ ಒಂದೇ ಸಾಲನ್ನು ಮತ್ತೆ ಮತ್ತೆ ಕಳಿಸತೊಡಗಿತು.

"ಅಯ್ಯೋ, ನನ್ನ ಹಾಟ್‌ಬಾಕ್ಸ್!"

ಭವಾನಿಯ ಆ ಕೂಗು ಭದ್ರಾವತಿಗೆ ರೇಡಿಯೋ ಇಲ್ಲದೆಯೇ ಮುಟ್ಟಿರಬೇಕು. ನಮ್ಮೂರಿನದೇ ಇನ್ನೊಂದು ಬಡಾವಣೆ ಗೋಪಾಳದಲ್ಲಿರುವ ಅವಳ ಗೆಳತಿ ಈಶ್ವರಮ್ಮನ ಮಗಳು ಸ್ಫೂರ್ತಿ ಬಸುರಿ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಭವಾನಿ ತಟ್ಟಿದ ಬಿಸಿ ಅಕ್ಕಿರೊಟ್ಟಿ ಮಾತ್ರ ಬೇಕು ಅಂದಿದ್ದಳಂತೆ.

"ಈ ತೂತು ಡಬ್ಬೀಲಿ ಗೋಪಾಳ ಮುಟ್ಟೋಷ್ಟರಲ್ಲಿ ರೊಟ್ಟಿ ಚಪ್ಪಲಿ ಆಗಿರುತ್ತೆ! ಆ ಹುಡ್ಗಿ ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ಮಾರಾಯ್ರೇ?"

ಅವಳ ಕಣ್ಣು ತುಂಬಿತ್ತು. ನಾನು ಡ್ರಿಲ್ ಎತ್ತಿ ಕಪಾಟಿನೊಳಗಿಟ್ಟೆ.

"ಅವ್ರನ್ನೇ ಇಲ್ಲಿಗೆ ಕರೆಯೋಣ. ಕಾವಲಿಯಿಂದ ನೇರ ತಟ್ಟೆಗೆ!" ಎಂದೆ.

ತಾಯಿ ಮಗಳು ಆಟೋದಲ್ಲಿ ಬಂದರು. ನಮ್ಮ ಹಾಲ್ ಇಟ್ಟಿಗೆ ಗೂಡಿನಂತೆ ಕಾಯುತ್ತಿತ್ತು.

"ಕರೆಂಟ್ ಹೋಗಿದ್ಯಾ ಅಂಕಲ್?" ಎಂದಳು ಸ್ಫೂರ್ತಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

"ಇಲ್ಲಮ್ಮ, ಪ್ರಯೋಗ! ಸ್ವಲ್ಪ ಹೊತ್ತು ತಡ್ಕೋ."

ಅಷ್ಟರಲ್ಲಿ ಪೀರ್ ಫೋನು: "ಬರೀ ಕಸ ಬರ್ತಿದೆ ಸಾರ್! ಸ್ವರ ಜಾರ್ತಾನೇ ಇದೆ!"

ಸ್ಫೂರ್ತಿ ಒಂದು ತುತ್ತು ತಿಂದು, ಬೆವರುತ್ತ ತಟ್ಟೆ ಸರಿಸಿದಳು. ಭವಾನಿ ಪೇಪರ್ ಮಡಿಸಿ ಅವಳಿಗೆ ಗಾಳಿ ಬೀಸತೊಡಗಿದಳು. ಅದರ ಬದಲು ನನ್ನನ್ನು ಬೈದಿದ್ದರೇ ವಾಸಿಯಿತ್ತು! ಹಾಳಾಗಿ ಹೋಗಲಿ ಪ್ರಯೋಗ ಎಂದು ನಾನೇ ಎದ್ದು ಕಿಟಕಿ ತೆರೆದೆ, ಫ್ಯಾನ್ ಹಾಕಿದೆ, ಹಾಟ್‌ಬಾಕ್ಸಿನಿಂದ ಯಂತ್ರ ಕಿತ್ತು ಮೇಜಿನ ಮೇಲೆ ಕುಕ್ಕಿದೆ. ಕಂಪ್ಯೂಟರ್ ನಿಲ್ಲಿಸುವುದು ಮಾತ್ರ ಮರೆತೆ. ಗಾಳಿ ಬೀಸಿತು. ಸ್ಫೂರ್ತಿ ತಟ್ಟೆ ಹತ್ತಿರಕ್ಕೆಳೆದುಕೊಂಡಳು. ಕಾಯಿಚಟ್ನಿ ಹಚ್ಚಿ ಎರಡು ರೊಟ್ಟಿ ಮುಗಿಸಿ, "ಆಂಟಿ, ಇನ್ನೊಂದು!" ಎಂದಾಗ ಈಶ್ವರಮ್ಮ ಕಣ್ಣೊರೆಸಿಕೊಂಡರು.

ಮತ್ತೆ ಪೀರ್ ಫೋನು. ಸೋತ ಮುಖ ಹಾಕಿಕೊಂಡು ಸ್ಪೀಕರ್ ಒತ್ತಿದೆ.

"ಸಾರ್, ಕಮಾಲ್! ಒಂದಕ್ಷರ ತಪ್ಪಿಲ್ದೆ ಬರ್ತಿದೆ! ಆಗ ಯಂತ್ರ ತನ್ನ ಶಾಖಕ್ಕೆ ತಾನೇ ಬೆಂದು ಸ್ವರ ಜಾರ್ತಿತ್ತು ಅಂತ ಕಾಣುತ್ತೆ. ಈಗ ಕಲ್ಲಿನ ಹಾಗೆ ನಿಂತಿದೆ. ಏನ್ ಮಾಡಿದ್ರಿ ಹೇಳಿ, ಬರ್ಕೋತೀನಿ!"

ನಾನು ಗಂಟಲು ಸರಿಮಾಡಿಕೊಂಡು ವೈಜ್ಞಾನಿಕ ವಿವರಣೆಗೆ ಬಾಯಿ ತೆರೆದೆ. ಅಡುಗೆಮನೆಯಿಂದ ಭವಾನಿ ಕೂಗಿದಳು:

"ಇವ್ರು ಮಾಡಿದ್ದನ್ನೆಲ್ಲ ಬಿಚ್ಚಿ ಹಾಕಿದ್ವಿ ಅಂತ ಬರ್ಕೊಳ್ಳಿ ಪೀರಣ್ಣ!"