ತಾನಾಗಿ ತೇಲಿ ತಮ್ಮ ಕಚೇರಿ ಸೇರಿದ ಸಿಲಿಂಡರಿನ ವಿಚಾರವಾಗಿ

ಮಾನ್ಯರೇ,

ಗ್ಯಾಸ್ ಏಜೆನ್ಸಿಯ ವ್ಯವಸ್ಥಾಪಕರಾದ ತಮಗೆ, ತಮ್ಮ ಮೇಜಿನ ಮೇಲಿನ ಗಂಟೆಗೆ, ಆ ಗಂಟೆ ಎಷ್ಟು ಬಾರಿಸಿದರೂ ಬಾರದ ಗುಮಾಸ್ತರಿಗೆ, ಮತ್ತು ನದಿಯ ಕಡೆಗೆ ತೆರೆದುಕೊಂಡು ತಮ್ಮ ಕಣ್ಣಿಗೆ ಸದಾ ತಂಪು ನೀಡುವ ಆ ದೊಡ್ಡ ಕಿಟಕಿಗೆ ಊಟದ ದೋಣಿಯವರೆಲ್ಲರ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇವೆ. ತಮ್ಮ ಮನೆಯ ಒಲೆಯೂ ಕ್ಷೇಮವೆಂದು ನಂಬಿದ್ದೇವೆ. ಮೊನ್ನೆ ನಾನು ತಮ್ಮೆದುರು ನಿಂತಿದ್ದಾಗ ತಾವು ತೆರೆದ ಊಟದ ಡಬ್ಬಿಯಿಂದ ಎದ್ದ ಹಬೆಯೇ ಅದಕ್ಕೆ ಸಾಕ್ಷಿ. ಬಿಸಿ ಅನ್ನದ ಹಬೆಯನ್ನು ಅಷ್ಟು ಹತ್ತಿರದಿಂದ ನೋಡಿ ದಿನಗಳೇ ಆಗಿದ್ದವು. ಆ ದರ್ಶನ ಕರುಣಿಸಿದ್ದಕ್ಕೆ ಮೊದಲ ಕೃತಜ್ಞತೆ.

ಅಂದು ತಮ್ಮ ಬಳಿ ಹೇಳಬೇಕಾದದ್ದು ಬಹಳವಿತ್ತು. ಆದರೆ ನನ್ನ ಬಾಯಿ 'ನಮಸ್ಕಾರ ಸರ್' ಎಂಬಲ್ಲಿಗೆ ಬಂದು ನಿಂತುಬಿಟ್ಟಿತು, ತಾವು ಕಿಟಕಿಯಾಚೆಯ ಕೊಕ್ಕರೆಯನ್ನು ನೋಡುತ್ತ 'ಮುಂದೆ' ಎಂದಿರಿ, ನನ್ನ ಹಿಂದೆ ನಿಂತವರು ಮುಂದೆ ಬಂದರು. ದೋಣಿಗೆ ಮರಳಿದಾಗ ಅಮ್ಮ, "ಸಾಹಿತ್ಯ ಓದಿಸಿದ್ದು ಇದಕ್ಕೇನೇ? ಬಾಯಿ ಬಿಡೋಕಾಗದಿದ್ರೆ ಕೂತು ಬರಿ" ಎಂದಳು. ಬರೆದೆ. ಮೊದಲೆರಡು ಪತ್ರಗಳನ್ನು ಲಕೋಟೆಯಲ್ಲಿಟ್ಟು ಕೊಟ್ಟಿದ್ದೆ. ಅವು ಮುಚ್ಚಿದಂತೆಯೇ ತಮ್ಮ ಚಹಾ ಲೋಟದ ಅಡಿಯಲ್ಲಿ ಸೇವೆ ಸಲ್ಲಿಸುತ್ತಿರುವುದನ್ನು ಕಂಡ ಮೇಲೆ, ಲಕೋಟೆ ಹರಿಯುವ ಶ್ರಮವನ್ನಾದರೂ ತಮಗೆ ತಪ್ಪಿಸೋಣವೆಂದು ಈ ಮೂರನೆಯದನ್ನು ಬಹಿರಂಗವಾಗಿ ತಮ್ಮ ಗೋದಾಮಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಸರದಿಯಲ್ಲಿ ನಿಂತವರಿಗೂ ಹೊತ್ತು ಹೋಗಲು ಏನಾದರೂ ಬೇಕಲ್ಲ.

ನಮ್ಮನ್ನು ತಾವು ಮರೆತಿರಬಹುದು. ನಮ್ಮ ಮನೆ ಒಂದು ಮರದ ದೋಣಿ. ಹಿಂಭಾಗದಲ್ಲಿ ಮಲಗುತ್ತೇವೆ, ಮುಂಭಾಗದಲ್ಲಿ ಅಮ್ಮ ಅಡುಗೆ ಮಾಡುತ್ತಾಳೆ, ನಡುವೆ ನನ್ನ ಸೋದರಮಾವ ಕುಳಿತು ಎರಡೂ ಕಡೆಗೆ ಸಲಹೆ ಕೊಡುತ್ತಾರೆ. ನದಿಯ ಹೂಳೆತ್ತುವ ಕೆಲಸಗಾರರಿಗೆ ಮಧ್ಯಾಹ್ನದ ಊಟ ಹಾಕುವುದು ನಮ್ಮ ಕಸುಬು. ಬೆಳಗಿನಿಂದ ಎದೆಮಟ್ಟದ ಕೆಸರುನೀರಿನಲ್ಲಿ ನಿಂತು ಬಂದ ಆ ಗಂಡಸರು ತಟ್ಟೆ ಕೈಗೆ ಬಂದ ಕೂಡಲೇ ಉಣ್ಣುವುದಿಲ್ಲ. ತಟ್ಟೆಯ ಅಡಿಗೆ ಎರಡೂ ಅಂಗೈ ಒಡ್ಡಿ, ಕಣ್ಣು ಮುಚ್ಚಿ, ಮೊದಲು ಬಿಸಿಯನ್ನು ಉಣ್ಣುತ್ತಾರೆ, ಆಮೇಲೆ ಅನ್ನವನ್ನು. ಅಮ್ಮನ ಇಡೀ ವ್ಯಾಪಾರ ನಿಂತಿರುವುದು ಆ ಬಿಸಿಯ ಮೇಲೆ. ಬರೀ ಅನ್ನವನ್ನು ಯಾರು ಬೇಕಾದರೂ ಕೊಟ್ಟಾರು.

ಸಿಲಿಂಡರಿನ ಅಭಾವ ಶುರುವಾದಾಗ 'ಗ್ರಾಹಕರು ಸಹಕರಿಸಬೇಕು' ಎಂದು ತಾವು ಸಂದೇಶ ಕಳಿಸಿದಿರಿ. ಸಹಕರಿಸಿದೆವು. ಚಹಾ ನಿಲ್ಲಿಸಿದೆವು, ಸ್ನಾನಕ್ಕೆ ನೀರು ಕಾಯಿಸುವುದನ್ನು ನಿಲ್ಲಿಸಿದೆವು, ಮಾವ ಸಿಟ್ಟಿನಿಂದ ಸ್ನಾನವನ್ನೇ ನಿಲ್ಲಿಸಿದರು. ಆಮೇಲೆ ತಾವು ವಿತರಣೆಯ ಹೊಸ ಕ್ರಮ ಜಾರಿಗೆ ತಂದಿರಿ: ಬಾಗಿಲಿರುವ ಮನೆಗಳಿಗೆ ಮೊದಲು, ಅಂಗಡಿಗಳಿಗೆ ಆಮೇಲೆ, 'ಚಲಿಸುವ ವಿಳಾಸ'ದವರಿಗೆ ಉಳಿದರೆ ಮಾತ್ರ. ಸಿಲಿಂಡರ್ ತರುವವನು ದಡದ ಮೇಲೆ ಗಾಡಿ ನಿಲ್ಲಿಸಿ ಇದನ್ನು ತಿಳಿಸಿದಾಗ ಮಾವ ದೋಣಿಯ ಹಗ್ಗವನ್ನು ಎತ್ತಿ ತೋರಿಸಿ, "ಎಲ್ಲಿಗಪ್ಪಾ ಚಲಿಸಿದೀವಿ ನಾವು? ಈ ಹಗ್ಗದ ಮೇಲೆ ಹುಲ್ಲು ಬೆಳೆದಿದೆ, ಕಣ್ಣು ಬಿಟ್ಟು ನೋಡು" ಎಂದರು. ಅವನು ಗಾಡಿಯಿಂದ ಇಳಿಯದೆಯೇ, "ಅದೆಲ್ಲ ನಂಗೊತ್ತಿಲ್ಲ ಯಜಮಾನ್ರೇ, ಅಲ್ಲಾಡೋದೆಲ್ಲ ಚಲಿಸೋದೇ ಅಂತ ಸಾಹೇಬ್ರು ಹೇಳಿದಾರೆ" ಎಂದು ತಮ್ಮ ತತ್ವವನ್ನು ಬೋಧಿಸಿ ಹೋದ. ಮಾನ್ಯರೇ, ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ದೋಣಿ ಒಂದೇ ಕಬ್ಬಿಣದ ಗೂಟಕ್ಕೆ ಕಟ್ಟಿಕೊಂಡು ನಿಂತಿದೆ. ತಮ್ಮ ಏಜೆನ್ಸಿಯಾದರೋ ಮಾರುಕಟ್ಟೆಯ ಹತ್ತಿರವಿದ್ದದ್ದು ಬಸ್ ನಿಲ್ದಾಣದ ಹಿಂದಕ್ಕೆ ಹೋಗಿ, ಅಲ್ಲಿಂದ ಈಗ ನದಿಯ ಕೆಳದಂಡೆಗೆ ಬಂದು ಕೂತಿದೆ. ಆದರೂ ಸ್ಥಿರವಾಗಿರುವವರು ತಾವು, ಅಲೆಮಾರಿಗಳು ನಾವು. ಒಪ್ಪಿಕೊಂಡೆವು, ಕೈಯಲ್ಲಿ ಸಿಲಿಂಡರ್ ಇರುವವರ ಜೊತೆ ವಾದ ಮಾಡಬಾರದೆಂಬಷ್ಟು ಬುದ್ಧಿ ನಮಗೂ ಇದೆ.

ಆಗ ನಮ್ಮಲ್ಲಿ ಉಳಿದದ್ದು ಒಂದು ಸಿಲಿಂಡರ್. ಅದರೊಳಗೆ ಎಷ್ಟಿದೆ ಎಂದು ತಿಳಿಯಲು ದಡದ ಮನೆಗಳವರು ಅಲ್ಲಾಡಿಸುತ್ತಾರೆ, ತಟ್ಟುತ್ತಾರೆ, ಒದ್ದೆ ಬಟ್ಟೆ ಒತ್ತುತ್ತಾರೆ. ನಾವು ದೋಣಿಯವರು ಅದನ್ನು ನೀರಿಗೆ ಇಳಿಸುತ್ತೇವೆ. ತಾವು ಇಷ್ಟು ವರ್ಷ ಸಿಲಿಂಡರುಗಳ ನಡುವೆ ಕಳೆದಿದ್ದರೂ ಗಮನಿಸಲು ಬಿಡುವಾಗಿರಲಿಕ್ಕಿಲ್ಲ: ಅದು ಮುಳುಗುವುದಿಲ್ಲ. ತುಂಬಿದ್ದರೆ ಕತ್ತಿನವರೆಗೆ ನೀರಲ್ಲಿ ಕೂತು ಎಮ್ಮೆಯಂತೆ ತೇಲುತ್ತದೆ, ಖಾಲಿಯಾಗುತ್ತ ಬಂದಂತೆ ಹೊಟ್ಟೆ ತೋರಿಸುತ್ತ ಮೇಲೇಳುತ್ತದೆ. ಅಮ್ಮ ಅದರ ಮೈಮೇಲೆ ದೋಣಿಗೆ ಬಳಿಯುವ ನೀಲಿ ಬಣ್ಣದಿಂದ ಮೂರು ಗೆರೆ ಎಳೆದಿದ್ದಳು. ಮೇಲಿನ ಗೆರೆ ನೀರಿಗೆ ತಾಗಿದರೆ ನೆಮ್ಮದಿ, ನಡುವಿನದು ತಾಗಿದರೆ ಎಚ್ಚರ, ಕೆಳಗಿನದು ತಾಗಿದರೆ ಏಜೆನ್ಸಿಗೆ ಫೋನು. ಅಭಾವದ ಕಾಲದಲ್ಲಿ ಅವಳು ದಿನಾ ಬೆಳಿಗ್ಗೆ ಒಲೆಯ ನಳಿಕೆ ಬಿಚ್ಚಿ, ಸಿಲಿಂಡರಿಗೆ ಹಗ್ಗ ಕಟ್ಟಿಸಿ, ಮಗುವಿಗೆ ಸ್ನಾನ ಮಾಡಿಸುವವಳಂತೆ ಮೆಲ್ಲಗೆ ಇಳಿಸಿ ಗೆರೆ ನೋಡುತ್ತಿದ್ದಳು.

ಹಗ್ಗ ಕಟ್ಟುವುದು ಮಾವನ ಹಕ್ಕು. ಅವರನ್ನು ನದಿಯವರೆಲ್ಲ ಗಂಟುಮಾವ ಎಂದೇ ಕರೆಯುವುದು. ಅವರು ಹಾಕಿದ ಗಂಟು ಬಿಚ್ಚಿದ ಇತಿಹಾಸವಿಲ್ಲವೆಂದು ಹೇಳುವವರಲ್ಲಿ ಅವರೇ ಮೊದಲಿಗರು. ನಡುವಿನ ಗೆರೆ ನೀರಿಗೆ ತಾಗಿದ ದಿನ, ಇಳಿತದ ನೀರು ಸಮುದ್ರದ ಕಡೆಗೆ ಎಳೆಯುತ್ತಿದ್ದಾಗ, ಸಿಲಿಂಡರ್ ಒಮ್ಮೆ ನಮ್ಮತ್ತ ತಿರುಗಿ, ತಲೆಯಾಡಿಸಿ, ಹೊರಟೇಹೋಯಿತು. ಅಮ್ಮ ಕೂಗಿದಳು, ನಾನು ಓಡಿದೆ, ಮಾವ ಕೈಯಲ್ಲುಳಿದ ಹಗ್ಗವನ್ನು ನೋಡುತ್ತ ನಿಂತರು. "ನನ್ನ ಗಂಟು ಬಿಚ್ಚಿಲ್ಲ ಕಣಕ್ಕಾ, ಸಿಲಿಂಡರೇ ನುಣುಚ್ಕೊಂಡಿದೆ" ಎಂದು ಅವರು ಹೇಳಿದ್ದಕ್ಕೆ ಅಮ್ಮ, "ಹೌದಪ್ಪ, ನಿನ್ನ ಗಂಟಿಗೇ ಇವತ್ತು ಅನ್ನ ಬೇಯಿಸ್ತೀನಿ, ಉಣ್ಣು" ಎಂದಳು. ದಡದುದ್ದಕ್ಕೂ ಓಡಿದ ನನಗೆ ಕೊನೆಗೆ ಕಂಡದ್ದು, ತಿರುವಿನಲ್ಲಿ ಮರೆಯಾದ ಅದರ ಕೆಂಪು ಬೆನ್ನು ಮಾತ್ರ.

ಮಾನ್ಯರೇ, ಈಗ ತಮ್ಮನ್ನು ಹೊಗಳುವ ಘಟ್ಟಕ್ಕೆ ಬಂದೆ. ಮರುದಿನ ನಮ್ಮ ಫೋನಿಗೆ ತಮ್ಮಿಂದ ಸಂದೇಶ ಬಂತು. ಸಿಲಿಂಡರಿಗಾಗಿ ಅಷ್ಟು ಸಲ ಕರೆ ಮಾಡಿದಾಗ ಸಿಕ್ಕದ ತಮ್ಮ ಕಚೇರಿ, ತಾನಾಗಿ ನಮ್ಮನ್ನು ನೆನೆದಿತ್ತು. 'ತಾವು ಸಿಲಿಂಡರ್ ಹಿಂದಿರುಗಿಸಿದ್ದೀರಿ. ತಮ್ಮ ಸಂಪರ್ಕವನ್ನು ಮುಕ್ತಾಯಗೊಳಿಸಲಾಗಿದೆ. ಧನ್ಯವಾದ.' ತಮ್ಮ ಗೋದಾಮಿನ ಮೆಟ್ಟಿಲಿಗೆ ಬಂದು ತಾಗಿದ ಸಿಲಿಂಡರನ್ನು ತಮ್ಮವರು ಎತ್ತಿಕೊಂಡು, ಅದರ ಸಂಖ್ಯೆಯಿಂದ ಅದು ಯಾರದೆಂದು ಪತ್ತೆ ಹಚ್ಚಿ, ಅವರು ಅದನ್ನು ಬೇಡವೆಂದು ನದಿಗೆ ಬಿಟ್ಟಿದ್ದಾರೆಂದು ತೀರ್ಮಾನಿಸಿದ್ದರು. ಅಭಾವದ ಈ ಕಾಲದಲ್ಲಿ ಅರ್ಧ ತುಂಬಿದ ಸಿಲಿಂಡರನ್ನು ಬೇಡವೆಂದು ಬಿಡುವಷ್ಟು ಸಿರಿವಂತರು ಈ ನದಿಯ ಮೇಲಿದ್ದಾರೆಂದು ನಂಬಿದ ತಮ್ಮ ವಿಶಾಲ ಮನಸ್ಸಿಗೆ ಏನೆಂದು ಹೇಳಲಿ! ಯಾರ ಸಿಲಿಂಡರೆಂದು ಕಂಡುಹಿಡಿಯುವಷ್ಟು ಚುರುಕಾದ ಕಚೇರಿಗೆ, ಅವರು ಎಲ್ಲಿರುತ್ತಾರೆಂದು ಮಾತ್ರ ತಿಳಿಯದೇ ಹೋದದ್ದು ವಿಧಿಯ ಆಟವಲ್ಲದೆ ಇನ್ನೇನು.

ನಾನು ತಮ್ಮಲ್ಲಿಗೆ ಬಂದದ್ದು ಅದಕ್ಕೇ. ಒಳಗೆ ಕಾಲಿಡುವಾಗಲೇ ಅದನ್ನು ಕಂಡೆ. ಗಾಳಿಗೆ ಬಡಿದುಕೊಳ್ಳದಿರಲೆಂದು ತಮ್ಮ ಕಚೇರಿಯ ಬಾಗಿಲಿಗೆ ಒತ್ತಿ ಇಟ್ಟಿದ್ದ ಸಿಲಿಂಡರಿನ ಮೈಮೇಲೆ ಮೂರು ನೀಲಿ ಗೆರೆಗಳಿದ್ದವು. ಅಮ್ಮ ಎಳೆಯುವಾಗ ದೋಣಿ ಅಲುಗಿದ್ದರಿಂದ ನಡುವಿನ ಗೆರೆ ಸ್ವಲ್ಪ ಸೊಟ್ಟಗಿದೆ. ಅದನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ನಮ್ಮ ಹೂಳಿನ ಗಂಡಸರ ಎಷ್ಟೋ ತಟ್ಟೆಗಳ ಬಿಸಿ ಅದರೊಳಗೆ ಕೂತು ತಮ್ಮ ಬಾಗಿಲು ಕಾಯುತ್ತಿತ್ತು. ಪಾಪ, ಬಾಗಿಲಿಲ್ಲದವರ ಮನೆಯಿಂದ ಹೋದದ್ದಕ್ಕೆ ಕೊನೆಗೂ ಒಂದು ಬಾಗಿಲು ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಸಿಲಿಂಡರ್ ಹೋದ ಮೇಲೆ ನಾವು ಬದುಕಿದ ಬಗೆಯನ್ನು ತಮ್ಮ ಮಾಹಿತಿಗಾಗಿ ಹೇಳುತ್ತೇನೆ. ಮೊದಲು ದೋಣಿಯ ಮುಂಭಾಗದಲ್ಲಿ ತಗಡಿನ ಬಾನಿಯಿಟ್ಟು ಕಟ್ಟಿಗೆ ಉರಿಸಿದೆವು. ಹಸಿ ಕಟ್ಟಿಗೆ. ಎದ್ದ ಹೊಗೆ ನೋಡಿ ದೋಣಿಗೆ ಬೆಂಕಿ ಬಿದ್ದಿದೆಯೆಂದು ತಿಳಿದ ಅಕ್ಕಪಕ್ಕದ ಮೀನುಗಾರರು ನಾಲ್ಕೂ ದಿಕ್ಕಿನಿಂದ ಬಂದು ಬಕೆಟ್ಟುಗಟ್ಟಲೆ ನೀರು ಎರಚಿ, ಬೆಂಕಿಯನ್ನೂ ಅನ್ನವನ್ನೂ ಅಮ್ಮನನ್ನೂ ಆರಿಸಿದರು. ಅವರ ಪ್ರೀತಿಗೆ ಅಮ್ಮ ನೆನೆದ ಸೀರೆಯಲ್ಲೇ ಕೈಮುಗಿದಳು. ಮರುದಿನ ದಡದ ಮರಳಿನಲ್ಲಿ ಮೂರು ಕಲ್ಲು ಹೂಡಿದೆವು. ಬೇಳೆ ಇನ್ನೇನು ಬೆಂದಿತು ಎನ್ನುವಾಗ ಏರಿದ ಉಬ್ಬರದ ನೀರು ಒಲೆಯನ್ನು ನಂದಿಸಿ, ಮಡಕೆಯನ್ನು ಎತ್ತಿ, ನಮ್ಮ ಕೈಗೆ ಸಿಗದಷ್ಟು ದೂರದಲ್ಲಿ ತೇಲಿಸಿ ಆಟವಾಡಿಸಿತು. ಮಾವ ಈಜಿ ಹೋಗಿ ಹಿಡಿದು ತಂದರು. ಉಪ್ಪು ಹಾಕುವ ಅಗತ್ಯ ಬೀಳಲಿಲ್ಲ. ಹೂಳಿನವರು ಆ ವಾರವೆಲ್ಲ ನೆನೆಸಿದ ಅವಲಕ್ಕಿ ಉಂಡರು. ಗೊಣಗಲಿಲ್ಲ. ಆದರೆ ತಟ್ಟೆಯ ಅಡಿಗೆ ಕೈ ಒಡ್ಡುವ ಅಭ್ಯಾಸ ಬಿಡಲಾರದೆ ಒಡ್ಡಿ, ತಣ್ಣಗಿದ್ದದ್ದಕ್ಕೆ ಮತ್ತೆ ತೆಗೆದರು. ಅಮ್ಮ ಅದನ್ನು ನೋಡಲಾರದೆ ಬೆನ್ನು ತಿರುಗಿಸಿ ನಿಂತಿದ್ದಳು.

ಅವರ ಮೇಸ್ತ್ರಿ ಒಳ್ಳೆಯವರು. ಹೇಳಲಿಕ್ಕೆ ಬಂದದ್ದನ್ನು ಹೇಳಲಾಗದೆ ಬಹಳ ಹೊತ್ತು ಹವಾಮಾನದ ಮಾತಾಡಿ, ಹೊರಡುವಾಗ, "ಅಮ್ಮಾ, ತಪ್ಪು ತಿಳೀಬೇಡಿ. ನೀರಲ್ಲಿ ನಿಲ್ಲೋರು ಅವ್ರು, ಜ್ವರ ಬರ್ತಿದೆ ಒಬ್ಬೊಬ್ರಿಗೆ. ಶನಿವಾರದೊಳಗೆ ಬಿಸಿ ಊಟ ಆಗದಿದ್ರೆ ರಸ್ತೆ ಮೇಲಿನ ಹೋಟೆಲಿಗೆ ಹೇಳ್ಬೇಕಾಗತ್ತೆ" ಎಂದರು. ಅಮ್ಮ, "ನಿಮ್ಮದೇನು ತಪ್ಪಿದೆ ಮೇಸ್ತ್ರಿ" ಎಂದಳು. ಹೋಟೆಲಿನವರಿಗೆ ಬಾಗಿಲಿದೆ, ಆದ್ದರಿಂದ ಸಿಲಿಂಡರೂ ಇದೆ. ಊಟದ ಕೆಲಸ ಒಮ್ಮೆ ದಡ ಹತ್ತಿತೆಂದರೆ ಮತ್ತೆ ನೀರಿಗಿಳಿಯುವುದಿಲ್ಲ. ಅಲ್ಲಿಗೆ ನಮ್ಮ ದೋಣಿ ಊಟದ ದೋಣಿಯಾಗಿ ಉಳಿಯುವುದಿಲ್ಲ. ಅಲ್ಲಾಡುವ ಒಂದು ವಸ್ತು ಮಾತ್ರ. ನಾಳೆ ಶನಿವಾರ.

ಆದ್ದರಿಂದ ಕೆಲವು ಸಣ್ಣ ವಿನಂತಿಗಳು. ತಮ್ಮ ಗಾಡಿಯವನು ದಡದಿಂದ ನಮ್ಮ ಹಲಗೆಯ ಮೇಲೆ ನಾಲ್ಕು ಹೆಜ್ಜೆ ಇಡಲಾರನೆಂದಾದರೆ ಅವನಿಗೆ ತೊಂದರೆ ಬೇಡ. ಇಳಿತದಲ್ಲಿ ನಮ್ಮಿಂದ ತಮ್ಮ ಮೆಟ್ಟಿಲಿಗೆ ಸಿಲಿಂಡರ್ ತಂದ ಇದೇ ನದಿ, ಉಬ್ಬರದಲ್ಲಿ ತಮ್ಮ ಮೆಟ್ಟಿಲಿನಿಂದ ನಮ್ಮ ಕಡೆಗೆ ಹರಿಯುತ್ತದೆ. ತಾವು ಕುರ್ಚಿಯಿಂದ ಏಳಬೇಕಾಗಿಯೂ ಇಲ್ಲ. ಬಾಗಿಲಿಗೆ ಒತ್ತಿಟ್ಟ ಆ ಸಿಲಿಂಡರನ್ನು ಕಾಲಿನಿಂದ ಮೆಲ್ಲಗೆ ನೂಕಿದರೆ ಸಾಕು, ಅದಕ್ಕೆ ಮನೆಯ ದಾರಿ ಗೊತ್ತು. ಈ ವ್ಯವಸ್ಥೆ ಹಿಡಿಸಿದರೆ ನದಿಯನ್ನೇ ಕಾಯಂ ನೌಕರಿಗೆ ತೆಗೆದುಕೊಳ್ಳಬಹುದು. ರಜೆ ಕೇಳುವುದಿಲ್ಲ, ಮಹಡಿ ಹತ್ತಲಾರೆ ಎನ್ನುವುದಿಲ್ಲ, ಭಕ್ಷೀಸಿಗಾಗಿ ತಲೆ ಕೆರೆಯುತ್ತ ನಿಲ್ಲುವುದಿಲ್ಲ. ಸಮವಸ್ತ್ರ ಮಾತ್ರ ಸ್ವಲ್ಪ ಉದ್ದದ್ದು ಹೊಲಿಸಬೇಕಾದೀತು. ಇದೂ ಒಪ್ಪಿಗೆಯಾಗದಿದ್ದಲ್ಲಿ, ನಮ್ಮ ದೋಣಿ ಅಲ್ಲಾಡದಂತೆ ನದಿಗೊಂದು ಆದೇಶ ಹೊರಡಿಸಿ, ಅದರ ಪ್ರತಿಯನ್ನು ಚಂದ್ರನಿಗೂ ಕಳಿಸಿಕೊಡಬೇಕು; ಉಬ್ಬರವಿಳಿತವೆಲ್ಲ ಅವನದೇ ಚೇಷ್ಟೆಯಂತೆ.

ಈ ವಿನಂತಿಗಳು ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ತಾವು ಹೇಳುವಿರೆಂದು ಅಮ್ಮನಿಗೆ ಮೊದಲೇ ಗೊತ್ತಿತ್ತು. ಇಂದು ಬೆಳಿಗ್ಗೆ ಅವಳು ಮಾವನಿಗೆ, "ಸಾಹೇಬ್ರು ಹೇಳಿದ್ದು ಸರಿ ಕಣೋ. ನಮ್ಮದು ಚಲಿಸೋ ವಿಳಾಸವೇ. ಹಗ್ಗ ಬಿಚ್ಚು" ಎಂದಳು. ಮಾವನಿಗೆ ಬಿಚ್ಚಲಾಗಲಿಲ್ಲ. ಎಷ್ಟೋ ವರ್ಷದ ಹಿಂದೆ ಅವರೇ ಗೂಟಕ್ಕೆ ಹಾಕಿದ್ದ ಗಂಟು. ಉಗುರು ಹೋಯಿತು, ಹಲ್ಲು ಅಲುಗಿತು, ಗಂಟು ಜಗ್ಗಲಿಲ್ಲ. ಕೊನೆಗೆ ಮೀನು ಕೊಯ್ಯುವ ಕತ್ತಿಯಿಂದ ಅಮ್ಮ ಹಗ್ಗವನ್ನೇ ಕತ್ತರಿಸಿದಾಗ ಮಾವ, "ನೋಡಿದ್ಯಾ ಅಕ್ಕ? ನಾನು ಹೇಳ್ಲಿಲ್ವಾ?" ಎಂದು ಎದೆಯುಬ್ಬಿಸಿದರು. ಸಿಲಿಂಡರ್ ಹೋದ ದಿನದಿಂದ ಬಾಗಿದ್ದ ಅವರ ತಲೆ ಎತ್ತಿದ್ದು ಆಗಲೇ. ಪರೋಕ್ಷವಾಗಿ ಇದೂ ತಮ್ಮದೇ ಉಪಕಾರ.

ಇಂದಿನ ಮಟ್ಟಿಗೆ ದೋಣಿಯನ್ನು ಲಂಗರು ಹಾಕಿ ನಿಲ್ಲಿಸಿದ್ದೇವೆ. ನಾಳೆ ಬೆಳಗಿನ ಇಳಿತದಲ್ಲಿ ನಾವು ಹೊರಡುತ್ತೇವೆ, ಸಿಲಿಂಡರ್ ತೋರಿಸಿಕೊಟ್ಟ ದಾರಿಯಲ್ಲೇ. ಮಧ್ಯಾಹ್ನದ ಹೊತ್ತಿಗೆ ಹೂಳಿನವರು ಖಾಲಿ ತಟ್ಟೆಗಳೊಡನೆ ತಮ್ಮ ಗೋದಾಮಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ, ಮೇಸ್ತ್ರಿ ಒಪ್ಪಿದ್ದಾರೆ. ಗಲಾಟೆ ಮಾಡುವವರಲ್ಲ ಅವರು. ಸುಮ್ಮನೆ ತಟ್ಟೆ ಹಿಡಿದು, ತಾವು ಡಬ್ಬಿ ತೆರೆಯುವುದನ್ನು ನೋಡುತ್ತಾರೆ, ಅಷ್ಟೇ. ಗೋದಾಮಿನ ಬಳಿ ಬೆಂಕಿ ಹಚ್ಚಬಾರದೆಂಬ ತಮ್ಮ ಫಲಕವನ್ನು ನಾವು ಓದಿದ್ದೇವೆ, ಕಡ್ಡಿ ಸಹ ಗೀರುವುದಿಲ್ಲ. ನೀಲಿ ಗೆರೆಯ ಸಿಲಿಂಡರ್ ದೋಣಿಗೆ ಬಂದ ಕ್ಷಣ ಜಾಗ ಖಾಲಿ ಮಾಡಿ, ಗೂಟದ ಬಳಿ ಮರಳಿ, ಒಲೆ ಹಚ್ಚುತ್ತೇವೆ. ಅಲ್ಲಿಯವರೆಗೆ ನಮ್ಮ ವಿಳಾಸ ಹುಡುಕುವ ಕಷ್ಟ ತಮಗಿಲ್ಲ.

ಬಾಗಿಲಿಲ್ಲದಿದ್ದರೂ ಇನ್ನೂ ತಮ್ಮ ವಿಶ್ವಾಸಿ,
ಊಟದ ದೋಣಿಯ ಮಗಳು

ತಾ.ಕ.: ನಾಳೆ ಕಚೇರಿಯಲ್ಲಿ ಕೂತಿರುವಾಗ ಇದ್ದಕ್ಕಿದ್ದಂತೆ ಬೆಳಕು ಕಡಿಮೆಯಾದರೆ ದಯವಿಟ್ಟು ದೀಪ ಹಾಕಿ ವಿದ್ಯುತ್ ಪೋಲು ಮಾಡಬೇಡಿ. ಕಿಟಕಿಗೆ ಅಡ್ಡ ನಿಂತದ್ದು ನಮ್ಮ ದೋಣಿ. ಕೊಕ್ಕರೆ ಕಾಣಿಸುವುದಿಲ್ಲ, ಕ್ಷಮಿಸಿ, ಅಮ್ಮ ಕಾಣಿಸುತ್ತಾಳೆ. ಈ ಸಲ ತಮ್ಮ ಮೆಟ್ಟಿಲ ಬಳಿ ಕಟ್ಟುವ ಹಗ್ಗಕ್ಕೂ ಗಂಟು ಮಾವನದೇ.