ನನ್ನ ಟೋನ್ ತಿಂದ ಎಮ್ಮೆ

ಗಣಿತದ ಮಾಸ್ತರನಾದ ನನಗೆ ಒಂದು ನಂಬಿಕೆ ಇತ್ತು. ಲೋಕದ ಯಾವ ವಸ್ತುವನ್ನಾದರೂ ಅಂಕ ಕೊಟ್ಟು ಅಳೆಯಬಹುದು. ಹುಡುಗರನ್ನು ಅಳೆದಿದ್ದೇನೆ. ಬೀಗರ ಮನೆಯ ಹೋಳಿಗೆಯನ್ನೂ ಅಳೆದು ಬೈಸಿಕೊಂಡಿದ್ದೇನೆ. ಹಾಗಿರುವಾಗ ಮೂರು ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಯಾವುದರ ಟೋನ್ ಉತ್ತಮ ಎಂದು ಕಂಡುಹಿಡಿಯುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಇದೆಲ್ಲ ಶುರುವಾದದ್ದು ನಮ್ಮ ಗೊರೇಬಾಳದ ಭಜನಾ ಮಂಡಳಿಯಿಂದ. ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ. ನಮ್ಮಪ್ಪ ಅಲ್ಲಿಯ ಜಮಖಾನದ ಮೇಲೆ ಕೂತು ಹಾಡುತ್ತಿದ್ದರು. ಅದೇ ಜಾಗದಲ್ಲಿ ನಾನೂ ನನ್ನ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂರಬೇಕೆಂಬುದು ನನ್ನ ಬಹುದಿನದ ಆಸೆ. ಹಾರ್ಮೋನಿಯಂ ಬಾರಿಸುವ ಹಿರಿಯ ಪಂಪಣ್ಣ ಕಾಕಾ ಎರಡು ವರ್ಷ ಒಪ್ಪಲಿಲ್ಲ. ಈ ಶ್ರಾವಣದಲ್ಲಿ ಯಾಕೋ ಕರಗಿದರು.

“ಒಂದ್ ಸೋಮವಾರ ಕೊಡ್ತೀನಿ ಮಾಸ್ತರ. ದನಿ ಪದಕ್ಕ ಹೊಂದಿತಂದ್ರ ಕಾಯಂ ಕೂಡು. ಹೊಂದಲಿಲ್ಲಂದ್ರ ಮತ್ತ ಗಿಟಾರದ ಹೆಸರು ಎತ್ತಬ್ಯಾಡ.”

ನನ್ನಲ್ಲಿ ಗಿಟಾರ್ ಇತ್ತು, ಅದರ ದನಿ ಹೊರಡಿಸುವ ಪೆಟ್ಟಿಗೆ ಇರಲಿಲ್ಲ. ವಿಚಾರಿಸಿದಾಗ ಕಡ ಕೊಡುವವರು ಮೂವರು ಸಿಕ್ಕರು. ಸಿಂಧನೂರಿನಲ್ಲಿ ಒಬ್ಬ ಶಾಮಿಯಾನದವರು, ಲಿಂಗಸುಗೂರಿನಲ್ಲಿ ನನ್ನ ಷಡ್ಡಕ, ಮಸ್ಕಿಯಲ್ಲಿ ಆರ್ಕೆಸ್ಟ್ರಾ ಬಿಟ್ಟು ಕಿರಾಣಿ ಅಂಗಡಿ ಇಟ್ಟ ಒಬ್ಬ ಹಳೆಯ ಕಲಾವಿದರು. ಗಿಟಾರ್ ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಮೂರೂ ಊರು ಸುತ್ತಿದೆ. ಆದರೆ ಸಿಂಧನೂರಿನದು ಕೇಳಿ ಮಸ್ಕಿ ಮುಟ್ಟುವುದರೊಳಗೆ ಸಿಂಧನೂರಿನ ದನಿ ಮರೆತಿತ್ತು. ಲಿಂಗಸುಗೂರು ಮುಟ್ಟುವುದರೊಳಗೆ ಮಸ್ಕಿಯದೂ ಮರೆತಿತ್ತು. ನೆನಪಿದ್ದದ್ದು ಲಾರಿಗಳ ಹಾರನ್ ಮಾತ್ರ.

ಆದ್ದರಿಂದ ಶಾಸ್ತ್ರೀಯ ಕ್ರಮವೊಂದನ್ನು ಕೈಗೊಳ್ಳಲಾಯಿತು. ಒಂದು ಟಂಟಂ ಆಟೋ ಗೊತ್ತುಮಾಡಿ ಮೂರು ಪೆಟ್ಟಿಗೆಗಳನ್ನೂ ಮನೆಗೆ ತಂದೆ. ಮಸ್ಕಿಯ ಪೆಟ್ಟಿಗೆಗೆ ಹಿಂಬದಿಯ ಹಲಗೆ ಇರಲಿಲ್ಲ. ರಸ್ತೆಯ ತಗ್ಗಿಗೆ ಬಿದ್ದಾಗಲೆಲ್ಲ ಒಳಗೆ ಏನೋ ಗಡಗಡ ಅನ್ನುತ್ತಿತ್ತು. ಹೊಲದ ಬದಿ ಆಟೋ ನಿಲ್ಲಿಸಿ, ಬಣವೆಯವರನ್ನು ಕೇಳಿ, ಎರಡು ತೆಕ್ಕೆ ನೆಲ್ಲುಹುಲ್ಲನ್ನು ನಾನೇ ಕೈಯಾರೆ ಅದರ ಹೊಟ್ಟೆಗೆ ತುರುಕಿದೆ. ಇದನ್ನು ಓದುಗರು ದಯವಿಟ್ಟು ನೆನಪಿಡಬೇಕು. ನಾನು ಮರೆತೆ.

ಮರುದಿನ ಪರೀಕ್ಷೆ. ಪೆಟ್ಟಿಗೆಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟೆ. ಪಕ್ಷಪಾತ ಆಗಬಾರದೆಂದು ನನ್ನ ಹೆಂಡತಿ ಬಸಮ್ಮನನ್ನು ಅಡಿಗೆಮನೆಯ ಪರದೆಯ ಹಿಂದೆ ಕೂರಿಸಿದೆ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ತೀರ್ಪು ಕೊಡಬೇಕು, ನಾನು ಅಂಕಪಟ್ಟಿ ತುಂಬಬೇಕು.

ಮೊದಲು ಸಿಂಧನೂರಿನದು.

“ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ ಆಗತೈತ್ರಿ.”

ಇಪ್ಪತ್ತು ಅಂಕ. ಆಮೇಲೆ ಲಿಂಗಸುಗೂರಿನದು.

“ಇದು ನೆಗಡಿ ಬಂದಂಗ ಐತಿ. ನಿಮ್ಮ ಷಡ್ಡಕಂದೇನು?”

ಪರದೆಯ ಹಿಂದಿನಿಂದಲೇ ಗುರುತು ಹಿಡಿದಳು. ಮೂವತ್ತು ಕೊಟ್ಟೆ. ಕಡೆಗೆ ಮಸ್ಕಿಯದು. ಮೊರ ನಿಂತಿತು.

“ಇದು ಚಲೋ ಐತಿ ನೋಡ್ರಿ. ಕಿವಿಗೆ ತ್ರಾಸ ಇಲ್ಲ.”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ಗಿಟಾರನ್ನು ಚಲೋ ಅಂದದ್ದು ಅದೇ ಮೊದಲು. ತೊಂಬತ್ತು ಅಂಕ ಬರೆದೆ. ಕಾಕಾರನ್ನೂ ಕರೆಸಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಅಡ್ಡಿ ಇಲ್ಲ. ಸೋಮವಾರ ಇದನ್ನ ತಗೊಂಡು ಬಾ.”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹಳೆಯ ಕಟ್ಟಿಗೆಯ ಗುಣ, ಸ್ಪೀಕರಿನ ಸಂಸ್ಕಾರ, ಮಸ್ಕಿಯ ಕಲಾವಿದರ ಕೈಗುಣ ಎಂದು ಅರ್ಧ ತಾಸು ಉಪನ್ಯಾಸ ಕೊಟ್ಟೆ. ಉಳಿದೆರಡು ಪೆಟ್ಟಿಗೆಗಳನ್ನು ಅಂದೇ ಹಿಂದಿರುಗಿಸಿದೆ. ಸೋತವರನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು?

ಸೋಮವಾರ ಮಧ್ಯಾಹ್ನ ಪೆಟ್ಟಿಗೆಯ ಧೂಳು ಒರೆಸಿ, ಅಂಗಳದ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಅಲ್ಲೇ ನಮ್ಮ ಎಮ್ಮೆಯೂ ಇತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೆಟ್ಟಿಗೆ ಎತ್ತಿದಾಗ ಸ್ವಲ್ಪ ಹಗುರ ಅನ್ನಿಸಿತು. ಉತ್ಸಾಹಕ್ಕೆ ಭಾರ ಗೊತ್ತಾಗುತ್ತಿಲ್ಲ ಎಂದುಕೊಂಡೆ.

ಗುಡಿ ತುಂಬಿತ್ತು. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತೆ. ಕಾಕಾ ಪದ ಎತ್ತಿಕೊಂಡರು. ನಾನು ಸ್ವಿಚ್ ಹಾಕಿ ತಂತಿ ಮೀಟಿದೆ.

ಕಿರ್ರ್ ಎಂದಿತು. ಕಣಜದ ಗೂಡಿಗೆ ಕಲ್ಲು ಹೊಡೆದ ಹಾಗಿತ್ತು. ಮುಂದೆ ಮಲಗಿದ್ದ ಕೂಸು ಎದ್ದು ಅತ್ತಿತು. ಒಂದು ಗುಂಡಿ ತಿರುಗಿಸಿದೆ, ಗುಂಯ್ ಎಂದಿತು. ಇನ್ನೊಂದು ತಿರುಗಿಸಿದೆ, ಎರಡೂ ಸೇರಿ ಬಂತು. ತಬಲದವರು ಕೈ ಎತ್ತಿಬಿಟ್ಟರು. ಕಾಕಾರ ಹಾರ್ಮೋನಿಯಂ ಉಸಿರು ಬಿಟ್ಟು ನಿಂತಿತು.

“ಮಸ್ಕಿದು ತರ್ತೀನಿ ಅಂದಿದ್ದೆಲ್ಲಲೇ ಮಾಸ್ತರ?”

“ಇದು ಮಸ್ಕಿದ ರೀ ಕಾಕಾ,” ಎಂದೆ. ನನ್ನ ದನಿಯೂ ಕಿರ್ರ್ ಎಂದಿತು.

ಹಿಂದೆ ಬಗ್ಗಿ ನೋಡಿದೆ. ಪೆಟ್ಟಿಗೆ ಖಾಲಿ. ಒಂದು ಮೊಳೆಗೆ ಒಂದೇ ಒಂದು ಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು. ಹೆಂಗಸರ ಸಾಲಿನಿಂದ ಬಸಮ್ಮ ತಣ್ಣಗೆ ಹೇಳಿದಳು.

“ಅದರಾಗಿನ ಹುಲ್ಲು ಹುಡುಕಾಕತ್ತೀರೇನ್ರಿ? ಮಧ್ಯಾಹ್ನ ಎಮ್ಮಿ ತಿಂದೈತಿ. ಎಮ್ಮಿಗಂತ ತಂದೀರಿ ಅಂದ್ಕೊಂಡೆ.”

ಗುಡಿಗೆ ಗುಡಿಯೇ ನಕ್ಕಿತು. ಕಾಕಾ ಮಾತ್ರ ನಗಲಿಲ್ಲ. ಯೋಚಿಸಿದರು.

“ಹಂಗಾದ್ರ ಅವತ್ತು ನಾವು ಮೆಚ್ಚಿದ್ದು ಹುಲ್ಲನ್ನ,” ಎಂದರು.

ಕಟ್ಟಿಗೆಯ ಗುಣ, ಸ್ಪೀಕರಿನ ಸಂಸ್ಕಾರ ಎಲ್ಲ ನಮ್ಮ ಅಂಗಳದಲ್ಲಿ ಮೆಲುಕು ಹಾಕುತ್ತ ನಿಂತಿದ್ದವು. ನಾನು ಗಿಟಾರ್ ಚೀಲಕ್ಕೆ ಹಾಕಿ ಎದ್ದೆ. ಖರೇ ಹೇಳುತ್ತೇನೆ, ಕಣ್ಣು ತುಂಬಿ ಬಂದಿತ್ತು. ಕಾಕಾ ನನ್ನ ಅಂಗಿ ಹಿಡಿದು ಕೂರಿಸಿದರು.

“ಎಲ್ಲಿಗೆ ಹೊಂಟಿ? ನಿಮ್ಮಪ್ಪನ ಜಾಗ ಖಾಲಿ ಬಿಡಬ್ಯಾಡ. ತಗೋ, ಇದಕ್ಕ ಕರೆಂಟ್ ಬ್ಯಾಡ.”

ಕೈಗೆ ಒಂದು ಜೊತೆ ತಾಳ ಕೊಟ್ಟರು. ಜೀವ ಬಂದಂತಾಯಿತು. ಎರಡು ವರ್ಷದ ಆಸೆಯನ್ನೆಲ್ಲ ಸೇರಿಸಿ ಬಾರಿಸಿದೆ. ಪದದ ಎರಡನೇ ನುಡಿಗೆ ಕಾಕಾ ಹಾಡು ನಿಲ್ಲಿಸದೆಯೇ ಹೆಗಲ ಮೇಲಿನ ಟವೆಲ್ ತೆಗೆದು, ನನ್ನ ಕೈಯ ತಾಳಕ್ಕೆ ಎರಡು ಸುತ್ತು ಸುತ್ತಿ, ಮುಂದುವರಿಸು ಎಂದು ಕಣ್ಸನ್ನೆ ಮಾಡಿದರು.

ಭಜನೆ ಮುಗಿಸಿ ಮನೆಗೆ ಬರುವಾಗ ಬಸಮ್ಮ ನನ್ನನ್ನು ಸಮಾಧಾನ ಮಾಡಿದಳು.

“ಟವೆಲ್ ಸುತ್ತಿದ ಮ್ಯಾಲ ಭಾಳ ಚಲೋ ಬಾರಿಸಿದ್ರಿ ನೋಡ್ರಿ. ಥೇಟ್ ಮಸ್ಕಿದರಂಗ ಇತ್ತು.”