ಚಂದ್ರಮೌಳಿ ಮಹಡಿಯ ಕನ್ನಡಿ

ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ದೇವರಾಜು ಮೇಷ್ಟ್ರಿಗೆ ಆ ಭಾನುವಾರ ಪೀಕಲಾಟ ಶುರುವಾದದ್ದು ಎದುರು ಮನೆಯ ಮಹಡಿಯಿಂದ. ಅಂಗಡಿ ಚಂದ್ರಮೌಳಿ ತನ್ನ ಹೊಸ ಮಹಡಿಗೆ ಕಂಡವರ ಕಣ್ಣು ತಾಗದಿರಲೆಂದು ಬಾಲ್ಕನಿಯ ಗೋಡೆಗೆ ದೃಷ್ಟಿಕನ್ನಡಿ ತೂಗುಹಾಕಿದ್ದ. ಬೆಳಗಿನ ಬಿಸಿಲು ಅದಕ್ಕೆ ಬಡಿದು ನೇರ ಮೇಷ್ಟ್ರ ಹಜಾರಕ್ಕೆ ನುಗ್ಗುತ್ತಿತ್ತು.

ಅವರ ಮನೆಯ ದೃಷ್ಟಿಯೆಲ್ಲ ನಮಗೆ ಬಂದು ಬಡಿಯುತ್ತಿದೆ ಎಂದು ಹೆಂಡತಿ ಸ್ನೇಹಲತಾ ರಂಪ ಎಬ್ಬಿಸಿದಳು. ಮೇಷ್ಟ್ರು ಪಾಠಕ್ಕೆ ನಿಂತರು. ದೃಷ್ಟಿಯೂ ಇಲ್ಲ ಗಿಷ್ಟಿಯೂ ಇಲ್ಲ, ಇದು ಬರೀ ಪ್ರತಿಫಲನ, ಕಿರಣ ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ಹೊರಡುತ್ತದೆ ಎಂದರು. ಸುಮ್ಮನಿದ್ದಿದ್ದರೆ ಬದುಕುತ್ತಿದ್ದರು.

"ಬೆಳಕು ಅಂಗ್ ಬತ್ತದೆ ಅಂದ್ಮೇಲೆ ದೃಷ್ಟಿನೂ ಅಂಗೇ ತಾನೇ ಬರಾದು? ನೀವೇ ಏಳಿದ್ರಲ್ಲ," ಎಂದಳು ಸ್ನೇಹಲತಾ.

ಚೀಲ ತುಂಬಿ ಬಾಗಿಲಲ್ಲಿಟ್ಟಳು. ಬಸ್ಸಿನ ಹೊತ್ತಿನೊಳಗೆ ಬೆಳಕು ಆಚೆ ಹೋಗದಿದ್ದರೆ ತಾನು ಅರಕಲಗೂಡಿನ ಅಣ್ಣನ ಮನೆಗೆ ಹೋಗುವುದಾಗಿಯೂ, ಯಾವಾಗ ಬರುತ್ತೀಯೆಂದು ಕೇಳಕೂಡದೆಂದೂ ತಿಳಿಸಿದಳು. ಹಿಂದೊಮ್ಮೆ ಹೀಗೇ ಹೋದಾಗ ಹೋಟೆಲ್ ಊಟ ಮಾಡಿ ಮೇಷ್ಟ್ರ ಹೊಟ್ಟೆ ಕೆಟ್ಟಿತ್ತು, ಮನೆ ಬಿಕೋ ಎಂದಿತ್ತು. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಎದುರು ಮನೆಗೆ ಓಡಿದರು. ಕನ್ನಡಿ ಇಳಿಸಲು ಚಂದ್ರಮೌಳಿ ಸುತರಾಂ ಒಪ್ಪಲಿಲ್ಲ.

"ತೆಗ್ಯೋದ್ ಮಾತ್ರ ಬ್ಯಾಡಿ ಮೇಷ್ಟ್ರೇ, ಬೇಕಾರೆ ವಸಿ ಓರೆ ಮಾಡ್ಕಳಿ," ಎಂದು ಏಣಿ ತಂದು ಬಾಲ್ಕನಿಯಲ್ಲಿ ಆನಿಸಿದ.

ಮೇಷ್ಟ್ರು ಹತ್ತಿ ಕನ್ನಡಿಯನ್ನು ಕೊಂಚ ಬಗ್ಗಿಸಿದರು. ಬೆಳಕು ರಸ್ತೆಗೆ ಹಾರಿ, ಸ್ಕೂಟರಿನಲ್ಲಿ ಬರುತ್ತಿದ್ದ ಹಾಲಿನ ಗುಂಡಯ್ಯನ ಕಣ್ಣಿಗೆ ಬಡಿಯಿತು. ಗುಂಡಯ್ಯ ಚರಂಡಿಗಿಳಿದ, ಅರ್ಧ ಹಾಲು ಅವನಿಗಿಂತ ಮುಂಚೆ ಇಳಿದಿತ್ತು. ಗಾಬರಿಯಲ್ಲಿ ಪಕ್ಕಕ್ಕೆ ತಿರುಗಿಸಿದರು. ಬೆಳಕು ಪಕ್ಕದ ಮನೆ ಶಾಂತಕುಮಾರಿಯ ಬಚ್ಚಲ ಕಿಟಕಿಯೊಳಗೆ ಹೋಯಿತು. ಒಳಗಿಂದ ಚೊಂಬು ಬಿದ್ದ ಸದ್ದು, ಹಿಂದೆಯೇ ಮೇಷ್ಟ್ರ ವಂಶದ ವಿಚಾರಣೆ. ಕನ್ನಡಿ ಒಂದು ಪಾಲು ತಿರುಗಿದರೆ ಕಿರಣ ಎರಡು ಪಾಲು ತಿರುಗುತ್ತದೆಂದು ವರ್ಷವರ್ಷವೂ ಮಕ್ಕಳಿಗೆ ಬರೆಸುವವರಿಗೆ ಏಣಿಯ ಮೇಲೆ ಅದು ಮರೆತೇ ಹೋಗಿತ್ತು.

ಕೆಳಗೆ ಜನ ಸೇರಿ ಒಬ್ಬರು ಎಡಕ್ಕೆ ಎಂದರು, ಇನ್ನೊಬ್ಬರು ಬಲಕ್ಕೆ ಎಂದರು. ಕೊನೆಗೆ ಬೆಳಕು ಖಾಲಿ ಸೈಟಿನ ಪೊದೆಯ ಮೇಲೆ ಬಿತ್ತು. ಪೊದೆ ಯಾರನ್ನೂ ಬೈಯಲಿಲ್ಲ. ಮೇಷ್ಟ್ರು ಬೆವರೊರೆಸಿಕೊಂಡು ಇಳಿದರು.

ಅಷ್ಟರಲ್ಲಿ ಮನೆಯೊಳಗಿಂದ ಸ್ನೇಹಲತಾ ಚೀರಿದಳು. ಓಡಿಹೋಗಿ ನೋಡಿದರೆ, ಹಜಾರದ ಗೋಡೆಯಲ್ಲಿ ಹಾರ ಹಾಕಿಸಿಕೊಂಡಿದ್ದ ಅತ್ತೆ ಬೆಟ್ಟಮ್ಮನ ಫೋಟೋದ ಮೇಲೆ, ಸರಿಯಾಗಿ ಹಣೆಗೆ, ಕಾಮನಬಿಲ್ಲಿನಂಥ ಬಣ್ಣದ ಪಟ್ಟಿ ಹೊಳೆಯುತ್ತಿತ್ತು. ಬೆಟ್ಟಮ್ಮ ಹೋದ ವರ್ಷ ತೀರಿಕೊಂಡಾಕೆ. ಇದ್ದಷ್ಟು ದಿನವೂ ಈ ಅಳಿಯನನ್ನು ಮೆಚ್ಚಿದವಳಲ್ಲ.

"ಅವ್ವ ಬಂದವ್ಳೆ," ಎಂದು ಸ್ನೇಹಲತಾ ಕಣ್ಣೀರಿಟ್ಟಳು.

ಕನ್ನಡಿಯ ಅಂಚನ್ನು ಇಳಿಜಾರಾಗಿ ಅರೆದಿದ್ದಾರೆ, ಅಲ್ಲಿ ಗಾಜು ಪಟ್ಟಕದ ಹಾಗೆ ಕೆಲಸ ಮಾಡುತ್ತದೆ, ಒಳಹೊಕ್ಕ ಬೆಳಕಿನಲ್ಲಿ ಒಂದೊಂದು ಬಣ್ಣವೂ ಒಂದೊಂದಷ್ಟು ಬಾಗಿ ಬೇರೆಬೇರೆಯಾಗುತ್ತದೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಕೇಳುವವರು ಯಾರು? ಶಾಂತಕುಮಾರಿ ಒದ್ದೆ ತಲೆಯಲ್ಲೇ ಬಂದು ಕೈಮುಗಿದಳು. ಗುಂಡಯ್ಯ ಉಳಿದ ಹಾಲನ್ನು ಫೋಟೋದ ಮುಂದೆ ಇಟ್ಟ.

ಸ್ನೇಹಲತಾ ಚೀಲವನ್ನು ಒಳಗೆ ಒಯ್ದಳು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಸೂರ್ಯ ಮೇಲೇರುತ್ತಿದ್ದ. ಪಟ್ಟಿ ಹಣೆಯಿಂದ ಮೆಲ್ಲಗೆ ಜಾರತೊಡಗಿತು.

"ಅವ್ವ ಒಂಟೋಯ್ತಾವ್ಳೆ, ಓಗಿ ವಸಿ ತಿರುಗ್ಸಿ," ಎಂದಳು.

ಮೇಷ್ಟ್ರು ಮತ್ತೆ ಏಣಿ ಹತ್ತಿದರು. ಪಟ್ಟಿ ಜಾರಿದಾಗಲೆಲ್ಲ ಕೆಳಗಿನಿಂದ ಕೂಗು, ಮೇಲೆ ಕೂದಲೆಳೆಯಷ್ಟು ತಿರುಗಿಸುವುದು. ಈಗ ಎರಡು ಪಾಲಿನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಬಾಗಿಲಲ್ಲಿ ನಿಂತ ಸ್ನೇಹಲತಾ ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಏಣಿಯವರೆಗೂ ಕೇಳಿಸಿತು.

"ಎಲ್ಲಾರ್ನೂ ಕರ್ಕೊಂಡ್ ಬಾ ಅಣ್ಣಯ್ಯ. ನಮ್ಮೋರು ದಿನಾ ಅವ್ವನ್ನ ತೋರುಸ್ತಾರೆ."

ಸ್ನೇಹಲತಾ ಅರಕಲಗೂಡಿಗೆ ಹೋಗಲಿಲ್ಲ. ಸಂಜೆ ಬಸ್ಸಿಗೆ ಅರಕಲಗೂಡೇ ಬಂದಿಳಿಯಿತು, ಹಾಸಿಗೆ ಸಮೇತ.